ಬೆಂಗಳೂರಿನ ಸುತ್ತ ಗಾಡಿಗಳ ಕಾಟವಿಲ್ಲದ ಗ್ರಾವೆಲ್ ಸೈಕಲ್ ದಾರಿ: ಕಾಡಿನ ಒಳಗಾ, ಕಾಡಂಚಿನಲ್ಲಾ?

ಬೆಂಗಳೂರಿನಲ್ಲಿ ಗ್ರಾವೆಲ್ ಬೈಕ್, ಅಂದರೆ ಮಣ್ಣು ಗರಸಿನ ದಾರಿಗೆ ಮಾಡಿದ ಸೈಕಲ್, ತೆಗೆದುಕೊಂಡವರೆಲ್ಲ ಮೊದಲ ವಾರವೇ ಕೇಳುವ ಪ್ರಶ್ನೆ: ಇದನ್ನು ಎಲ್ಲಿ ಓಡಿಸುವುದು? ಹೆದ್ದಾರಿಯಲ್ಲಿ ಲಾರಿ, ಸರ್ವಿಸ್ ರೋಡಿನಲ್ಲಿ ನೀರಿನ ಟ್ಯಾಂಕರ್, ಬಡಾವಣೆಯ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರ್. ಇವೆಲ್ಲದರಿಂದ ತಪ್ಪಿಸಿಕೊಂಡು ನಾಲ್ಕು ಗಂಟೆ ಮಣ್ಣಿನ ದಾರಿಯಲ್ಲಿ ಹೋಗಿಬರಬೇಕು ಅಂದರೆ ತಕ್ಷಣ ನೆನಪಿಗೆ ಬರುವುದು ಕಾಡು. ತುರಹಳ್ಳಿ, ಆವಲಹಳ್ಳಿ, ಸಾವನದುರ್ಗ, ದೇವರಾಯನದುರ್ಗ, ಬನ್ನೇರುಘಟ್ಟ ಅಂತ ಹೆಸರುಗಳು ಸಾಲಾಗಿ ಬರುತ್ತವೆ. ಆದರೆ ಇವೆಲ್ಲ ಒಂದೇ ಥರದ ಜಾಗಗಳಲ್ಲ. ಕೆಲವು ಕಡೆ ಸೈಕಲ್‌ಗೆ ಜಾಗವೇ ಇಲ್ಲ. ಕೆಲವು ಕಡೆ ಜಾಗ ಇದ್ದರೂ ಗ್ರಾವೆಲ್ ಬೈಕಿಗೆ ಅದು ಒಗ್ಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರಿಗೆ ಒಳ್ಳೆಯ ಗ್ರಾವೆಲ್ ದಾರಿ ಇರುವುದು ಕಾಡಿನ ಒಳಗಲ್ಲ, ಕಾಡಿನ ಅಂಚಿನಲ್ಲಿ. ಊರಿಂದ ಊರಿಗೆ, ಹೊಲದಿಂದ ಕೆರೆ ಏರಿಗೆ, ಗುಡ್ಡದ ಬುಡ ಸುತ್ತಿಕೊಂಡು ಹೋಗುವ ಗಾಡಿಜಾಡುಗಳಲ್ಲಿ. ಕಾರಣ ಸರಳ. ಗ್ರಾವೆಲ್ ಬೈಕ್ ಇರುವುದೇ ದೂರ ಹೋಗುವುದಕ್ಕೆ. ಬಾಗಿದ ಹ್ಯಾಂಡಲ್, ಸ್ವಲ್ಪ ದಪ್ಪ ಟೈರ್, ಸಸ್ಪೆನ್ಷನ್ ಇಲ್ಲದ ಫೋರ್ಕ್. ಗರಸು ಹಾಸಿದ ಅಗಲವಾದ ದಾರಿಯಲ್ಲಿ ಅದು ಸಲೀಸಾಗಿ ಓಡುತ್ತದೆ. ಬೇರು, ಬಂಡೆ, ಒಂದಾಳು ಅಗಲದ ಕಾಲುದಾರಿ ಬಂದರೆ ಒದ್ದಾಡುತ್ತದೆ. ನಗರದ ಕಾಡುಗಳಲ್ಲಿ ಇರುವುದು ಹೆಚ್ಚಾಗಿ ಅಂಥ ಕಾಲುದಾರಿಗಳೇ. ಅವು ಮೌಂಟನ್ ಬೈಕಿನವರಿಗೆ ಸರಿ. ಆಚೆ ಇರುವ ದೊಡ್ಡ ಕಾಡುಗಳಿಗೆ ಹೋದರೆ ಆನೆ ಇದೆ, ಕಾನೂನೂ ಇದೆ.

ಹಾಗಂತ ಕಾಡನ್ನು ಪಟ್ಟಿಯಿಂದ ಪೂರ್ತಿ ತೆಗೆದುಹಾಕಬೇಕಿಲ್ಲ. ಒಂದೊಂದಾಗಿ ನೋಡೋಣ.

ತುರಹಳ್ಳಿ

ಕನಕಪುರ ರಸ್ತೆ, ಬನಶಂಕರಿ ಆರನೇ ಹಂತದ ಪಕ್ಕದ ಈ ಕಾಡು ದಕ್ಷಿಣ ಬೆಂಗಳೂರಿನವರಿಗೆ ಮನೆ ಬಾಗಿಲಲ್ಲೇ ಇದೆ. ಆದರೆ ಸುಮಾರು 600 ಎಕರೆ ಅಂದರೆ ಎರಡೂವರೆ ಚದರ ಕಿಲೋಮೀಟರ್ ಕೂಡ ಆಗುವುದಿಲ್ಲ. ಗ್ರಾವೆಲ್ ಬೈಕಿಗೆ ಅದು ಬೆಚ್ಚಗಾಗುವಷ್ಟರಲ್ಲಿ ಮುಗಿದುಹೋಗುವ ಜಾಗ. ಬೆಳಗ್ಗೆ ನಡೆಯಲು ಬರುವವರು, ಹಕ್ಕಿ ನೋಡುವವರು, ಬಂಡೆ ಹತ್ತುವವರು ಎಲ್ಲ ಅಲ್ಲೇ ಇರುತ್ತಾರೆ. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದ್ದು ಸುಮ್ನೆ ಅಲ್ಲ. ಊರಿನೊಳಗೆ ಉಳಿದಿರುವ ಕುರುಚಲು ಕಾಡು ಇದು. ಚಿರತೆ ಓಡಾಡುವ ಜಾಗ ಕೂಡ. ಸೈಕಲ್ ಒಳಗೆ ಬಿಡುವ ವಿಷಯದಲ್ಲಿ ಗೇಟಿನ ಬೋರ್ಡು, ಗಾರ್ಡ್ ಹೇಳಿದ್ದೇ ಕೊನೆ ಮಾತು. ನನ್ನನ್ನು ಕೇಳಿದರೆ ತುರಹಳ್ಳಿಯನ್ನು ನಡೆಯುವವರಿಗೇ ಬಿಟ್ಟುಬಿಡಿ.

ಆವಲಹಳ್ಳಿ

ಉತ್ತರ ಬೆಂಗಳೂರಿನವರಿಗೆ ಇದು ದೊಡ್ಡ ವರ. ಯಲಹಂಕದ ಕಡೆಯ ಈ ಕಾಡಿನಲ್ಲಿ ಸೈಕಲ್ ಸವಾರರು ಮೊದಲಿನಿಂದಲೂ ಓಡಾಡುತ್ತಿದ್ದಾರೆ. ನೀಲಗಿರಿ ಮರಗಳ ನಡುವೆ ಕೆಂಪು ಮಣ್ಣಿನ ಟ್ರೇಲ್‌ಗಳು, ಏರಿಳಿತ, ತಿರುವು ಎಲ್ಲ ಇವೆ. ಹಾರ್ನ್ ಸದ್ದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಮಣ್ಣಿನ ಮೇಲೆ ಸೈಕಲ್ ಹೇಗೆ ಜಾರುತ್ತದೆ ಅಂತ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಹತ್ತಿರದಲ್ಲಿಲ್ಲ. ತಿರುವಿನಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಏನಾಗುತ್ತದೆ, ಇಳಿಜಾರಿನಲ್ಲಿ ಮೈಯನ್ನು ಎಷ್ಟು ಹಿಂದಕ್ಕೆ ಒಯ್ಯಬೇಕು, ಇವೆಲ್ಲ ಇಲ್ಲಿ ಒಂದೇ ಬೆಳಗ್ಗೆ ಗೊತ್ತಾಗುತ್ತದೆ.

ಗ್ರಾವೆಲ್ ಬೈಕಿಗೆ ಇದರ ಕೊರತೆ ಎರಡು. ದೂರ ಕಡಿಮೆ, ಅದೇ ದಾರಿಯಲ್ಲಿ ಮತ್ತೆ ಮತ್ತೆ ಸುತ್ತಬೇಕು. ಮತ್ತೆ, ಕೆಲವು ಟ್ರೇಲ್‌ಗಳು ಮೌಂಟನ್ ಬೈಕಿಗೇ ಹೇಳಿಮಾಡಿಸಿದವು. ಅಲ್ಲಿ ಸಸ್ಪೆನ್ಷನ್ ಇಲ್ಲದೆ ಇಳಿದರೆ ಮಣಿಕಟ್ಟು ನೋಯುತ್ತದೆ. ಎದುರಿನಿಂದ ವೇಗವಾಗಿ ಬರುವವರಿಗೂ ತೊಂದರೆ. ಅಗಲವಾದ ದಾರಿಗಳಲ್ಲೇ ಇದ್ದರೆ ಒಳ್ಳೆಯದು.

ಒಂದು ಮಾತು ನೆನಪಿಡಿ. ಬೆಂಗಳೂರಿನಲ್ಲಿ ಆವಲಹಳ್ಳಿ ಅನ್ನುವ ಊರು ಒಂದಲ್ಲ. ಹಳೇ ಮದ್ರಾಸ್ ರಸ್ತೆಯಲ್ಲೂ ಇದೆ, ಅಂಜನಾಪುರದ ಕಡೆಯೂ ಇದೆ. ಮ್ಯಾಪ್ ಹಾಕುವಾಗ ಯಲಹಂಕದ ಹತ್ತಿರದ್ದೇ ಅಂತ ಖಚಿತ ಮಾಡಿಕೊಳ್ಳಿ. ಕತ್ತಲಲ್ಲೇ ಹೊರಟು ಊರಿನ ಇನ್ನೊಂದು ತುದಿಗೆ ತಲುಪಿದರೆ ಆ ಭಾನುವಾರ ಹೋದಂತೆಯೇ.

ಮಂಚನಬೆಲೆ, ಸಾವನದುರ್ಗ

ನನ್ನ ಆಯ್ಕೆ ಇದೇ. ಯಾರು ಕೇಳಿದರೂ ಮೊದಲು ಈ ಕಡೆಗೆ ಕೈ ತೋರಿಸುತ್ತೇನೆ.

ಕೆಂಗೇರಿ ದಾಟಿ ರಾಮೋಹಳ್ಳಿ, ದೊಡ್ಡ ಆಲದ ಮರ, ಅಲ್ಲಿಂದ ಮಂಚನಬೆಲೆ ಅಣೆಕಟ್ಟು, ಆಮೇಲೆ ಸಾವನದುರ್ಗ. ಈ ಡಾಂಬರು ದಾರಿ ಎಲ್ಲರಿಗೂ ಗೊತ್ತು. ಭಾನುವಾರ ಎಂಟು ಗಂಟೆಯ ಮೇಲೆ ಕಾರು, ಮೋಟಾರ್ ಬೈಕುಗಳೂ ಜಾಸ್ತಿ. ನಾನು ಹೇಳುತ್ತಿರುವುದು ಈ ದಾರಿಯಿಂದ ಎಡಕ್ಕೆ ಬಲಕ್ಕೆ ಕವಲೊಡೆಯುವ ಮಣ್ಣಿನ ದಾರಿಗಳ ಬಗ್ಗೆ. ರಾಗಿ ಹೊಲ, ಮಾವಿನ ತೋಪು, ಹಿಪ್ಪುನೇರಳೆ ತೋಟದ ಬದಿಯಲ್ಲಿ ಸಾಗುವ ಟ್ರ್ಯಾಕ್ಟರ್ ಜಾಡುಗಳು. ಎರಡು ಚಕ್ರದ ಗುರುತು, ನಡುವೆ ಹುಲ್ಲು. ಗಂಟೆಗೊಂದು ಟ್ರ್ಯಾಕ್ಟರ್, ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಮೊಪೆಡ್, ಒಂದಷ್ಟು ಕುರಿ. ಟ್ರಾಫಿಕ್ ಅಂದರೆ ಅಷ್ಟೇ.

ಈ ಭಾಗದ ನೆಲವೇ ಗ್ರಾವೆಲ್ ಬೈಕಿಗೆ ಒಲಿದದ್ದು. ಸಾವನದುರ್ಗ, ರಾಮನಗರದ ಬೆಟ್ಟಗಳೆಲ್ಲ ಒಂದೇ ಗ್ರಾನೈಟ್ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟ್. ಅದರಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಬಿಸಿಲು ಮಳೆಗೆ ಸವೆದು ಉದುರಿ ಒರಟು ಗರಸು ಆಗುತ್ತದೆ. ಗರಸಿನಲ್ಲಿ ಮಳೆ ನೀರು ನಿಲ್ಲುವುದಿಲ್ಲ, ಬೇಗ ಇಳಿದುಹೋಗುತ್ತದೆ. ರಾತ್ರಿ ಮಳೆ ಬಂದರೂ ಬೆಳಗ್ಗೆ ದಾರಿ ಗಟ್ಟಿಯಾಗಿರುತ್ತದೆ. ಧೂಳೂ ಏಳುವುದಿಲ್ಲ. ಮಳೆ ಬಂದ ಮಾರನೇ ದಿನ ಇಲ್ಲಿ ಸವಾರಿ ಮಾಡುವ ಸುಖವೇ ಬೇರೆ. ಎದುರಿಗೆ 1226 ಮೀಟರ್ ಎತ್ತರದ ಸಾವನದುರ್ಗ, ಕರಿಗುಡ್ಡ ಬಿಳಿಗುಡ್ಡ ಎರಡೂ ತೊಳೆದಿಟ್ಟಂತೆ ಹೊಳೆಯುತ್ತಿರುತ್ತವೆ. ಸೈಕಲ್ ನಿಲ್ಲಿಸದೆ ಮುಂದೆ ಹೋಗುವುದು ಕಷ್ಟ.

ದೂರವೂ ಹದವಾಗಿದೆ. ನಗರದ ಮಧ್ಯದಿಂದ ಮಂಚನಬೆಲೆಗೆ ಸುಮಾರು 40 ಕಿಲೋಮೀಟರ್, ಸಾವನದುರ್ಗಕ್ಕೆ 55ರಿಂದ 60. ಕಾರಿನಲ್ಲಿ ಸೈಕಲ್ ಹಾಕಿಕೊಂಡು ದೊಡ್ಡ ಆಲದ ಮರದ ತನಕ ಹೋಗಿ, ಅಲ್ಲಿಂದ ಸುತ್ತು ಹೊಡೆದರೆ 50-60 ಕಿಲೋಮೀಟರ್ ಸವಾರಿ ಆರಾಮಾಗಿ ಸಿಗುತ್ತದೆ. ಮಾಗಡಿ ಕಡೆಗೆ ಹೊರಳಿದರೆ ಇನ್ನೂ ಜಾಸ್ತಿ. ವಾಪಸ್ ಬರುವಾಗ ಬಿಡದಿ ಕಡೆ ಇಳಿದರೆ ತಟ್ಟೆ ಇಡ್ಲಿ.

ಎಚ್ಚರಿಕೆಗಳೂ ಇವೆ. ಸಾವನದುರ್ಗ ಸುತ್ತ ಇರುವುದು ರಾಜ್ಯ ಅರಣ್ಯ. ಊರ ದಾರಿ ಬೇರೆ, ಕಾಡಿನ ಒಳಗೆ ನುಗ್ಗುವ ಜಾಡು ಬೇರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಕಾಡಿಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಬೆಟ್ಟ ಹತ್ತಬೇಕಾದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಕೊಂಡೇ ಹೋಗಿ. ಈ ಕಾಡಿಗೆ ಆನೆ ಬರುವುದುಂಟು. ಕರಡಿ, ಚಿರತೆ ಇವೆ. ಹಳ್ಳಿಯವರು "ಆ ಕಡೆ ಹೋಗಬೇಡಿ" ಅಂದರೆ ಮರುಮಾತಿಲ್ಲದೆ ತಿರುಗಿ. ಮಂಚನಬೆಲೆ ನೀರಿಗೆ ಇಳಿಯಲೇಬೇಡಿ. ಬೆವರಿದ ಮೈಗೆ ಆಸೆ ಆಗುತ್ತದೆ, ನಿಜ. ಆದರೆ ಅಲ್ಲಿ ಮುಳುಗಿ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ.

ನಂದಿಯ ತಪ್ಪಲು

ನಂದಿ ಬೆಟ್ಟ ಅಂದರೆ ಎಲ್ಲರಿಗೂ ನೆನಪಾಗುವುದು ಆ ತಿರುವುಗಳ ಡಾಂಬರು ಏರು. 1478 ಮೀಟರ್ ತುದಿಗೆ ಹತ್ತುವುದು ರೋಡ್ ಬೈಕಿನವರ ಪರೀಕ್ಷೆ. ವಾರದ ಕೊನೆಯಲ್ಲಿ ಸೂರ್ಯೋದಯ ನೋಡಲು ಬರುವ ಕಾರುಗಳ ಸಾಲು ನೋಡಿದರೆ ಅದನ್ನು ಈ ಪಟ್ಟಿಯಲ್ಲಿ ಸೇರಿಸುವ ಪ್ರಶ್ನೆಯೇ ಇಲ್ಲ. ಆದರೆ ಬೆಟ್ಟ ಹತ್ತದೆ ಅದರ ಬುಡದಲ್ಲಿ ಸುತ್ತಿದರೆ ಕಥೆಯೇ ಬೇರೆ. ಭೋಗನಂದೀಶ್ವರ ದೇವಸ್ಥಾನದ ನಂದಿ ಗ್ರಾಮ, ಸುಲ್ತಾನ್‌ಪೇಟೆ, ಸ್ಕಂದಗಿರಿಯ ಕಡೆ ಹೋಗುವ ಹಳ್ಳಿ ದಾರಿಗಳಲ್ಲಿ ದ್ರಾಕ್ಷಿ ಚಪ್ಪರ, ಹೂವಿನ ತೋಟ, ಕೆರೆಗಳ ನಡುವೆ ಓಡಬಹುದು. ನೋಟ ತೆರೆದುಕೊಂಡಿದೆ, ನೆರಳು ಕಡಿಮೆ. ಕಾಡಿನ ಅನುಭವ ಬೇಕು ಅನ್ನುವವರಿಗೆ ಇದು ಅಷ್ಟಾಗಿ ಹಿಡಿಸದಿರಬಹುದು. ಬೇಸಿಗೆಯಲ್ಲಿ ಒಂಬತ್ತು ಗಂಟೆಗೆಲ್ಲ ಮುಗಿಸಿಬಿಡಬೇಕು.

ಇಲ್ಲಿನ ಇನ್ನೊಂದು ತಾಪತ್ರಯ ದಾರಿಗಳು ಬೇಗ ಬದಲಾಗುವುದು. ವಿಮಾನ ನಿಲ್ದಾಣ ಬಂದಮೇಲೆ ದೇವನಹಳ್ಳಿ ಕಡೆ ಬಡಾವಣೆಗಳು ಏಳುತ್ತಲೇ ಇವೆ. ಹಿಂದಿನ ವರ್ಷ ಮಣ್ಣಿದ್ದ ಕಡೆ ಈ ವರ್ಷ ಕಾಂಕ್ರೀಟ್ ಅಥವಾ ಕಾಂಪೌಂಡ್ ಗೋಡೆ. ಬೇರೆಯವರ ಹಳೆಯ ಜಿಪಿಎಸ್ ಫೈಲನ್ನು ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹ ಚಿತ್ರ ನೋಡಿಕೊಂಡು ಹೊರಡಿ.

ದೇವರಾಯನದುರ್ಗ

ಇಡೀ ದಿನ ಕೊಡಬಲ್ಲವರಿಗೆ ಇದು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, ತುಮಕೂರಿನಿಂದ ಹದಿನೈದರಷ್ಟು. ಈ ಪಟ್ಟಿಯಲ್ಲಿ ಕಾಡಿನ ನೆರಳು ನಿಜವಾಗಿ ಸಿಗುವುದು ಇಲ್ಲೇ. ನಾಮದ ಚಿಲುಮೆಯ ಕಡೆಯ ಕಿರಿದಾದ ದಾರಿಯಲ್ಲಿ ಎರಡೂ ಬದಿ ಮರ, ಕೋತಿಗಳ ಹಿಂಡು, ನವಿಲಿನ ಕೂಗು. ಅದು ಡಾಂಬರು, ಆದರೆ ವಾರದ ದಿನ ಬೆಳಗ್ಗೆ ಬಹುಮಟ್ಟಿಗೆ ಖಾಲಿ. ಭೋಗ ನರಸಿಂಹನ ದೇವಸ್ಥಾನದಿಂದ ಮೇಲೆ ಯೋಗ ನರಸಿಂಹನ ಕಡೆಗಿನ ಏರು ಕಾಲಿನ ಶಕ್ತಿ ಹೀರುತ್ತದೆ. ಗರಸಿನ ದಾರಿ ಬೇಕಾದರೆ ಊರ್ಡಿಗೆರೆ ಕಡೆ ಇಳಿದು ತೆಂಗು, ಅಡಿಕೆ ತೋಟಗಳ ನಡುವಿನ ಜಾಡು ಹಿಡಿಯಬೇಕು. ಮಣ್ಣು ಮತ್ತು ಡಾಂಬರು ಅರ್ಧಕ್ಕರ್ಧ. ಶನಿವಾರ ಭಾನುವಾರ, ಹಬ್ಬದ ದಿನ ಭಕ್ತರ ಗಾಡಿಗಳು ಬರುತ್ತವೆ, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಸಂಜೆ ಆರರ ಮೇಲೆ ಇಲ್ಲಿ ಉಳಿಯಬೇಡಿ. ಚಿರತೆ, ಕರಡಿ ಎರಡೂ ಇರುವ ಕಾಡು ಇದು.

ಸಾವನದುರ್ಗ, ದೇವರಾಯನದುರ್ಗ ಎರಡರಲ್ಲಿ ಯಾವುದು ಅಂತ ಕೇಳಿದರೆ: ಮಣ್ಣು ಬೇಕಾದವರು ಸಾವನದುರ್ಗ, ಮರ ಬೇಕಾದವರು ದೇವರಾಯನದುರ್ಗ.

ಹೋಗಬಾರದ ಎರಡು ಜಾಗ

ಬನ್ನೇರುಘಟ್ಟ ಮ್ಯಾಪಿನಲ್ಲಿ ತುಂಬಾ ಆಸೆ ಹುಟ್ಟಿಸುತ್ತದೆ. ನಗರಕ್ಕೆ ಅಂಟಿಕೊಂಡ ಹಸಿರು, ಒಳಗೆ ಸಣ್ಣ ಸಣ್ಣ ಗೆರೆಗಳು. ಆದರೆ ಅದು 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಆನೆಗಳು ತಮಿಳುನಾಡಿನ ತಳಿ ಕಡೆಯ ಕಾಡಿಗೂ ಕಾವೇರಿ ವನ್ಯಧಾಮಕ್ಕೂ ಓಡಾಡುವ ಹಾದಿ ಅದು. ಸೈಕಲ್ ಸದ್ದು ಮಾಡುವುದಿಲ್ಲ. ಅದೇ ಅಪಾಯ. ತಿರುವಿನಲ್ಲಿ ಆನೆಗೆ ನೀವು ಬಂದದ್ದೂ ಗೊತ್ತಾಗುವುದಿಲ್ಲ, ನಿಮಗೆ ಆನೆ ಇರುವುದೂ ಗೊತ್ತಾಗುವುದಿಲ್ಲ. ಮರಿ ಜೊತೆಗಿದ್ದರಂತೂ ಯೋಚಿಸುವುದೂ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ ಕೂಡ.

ಹೆಸರಘಟ್ಟದ ಹುಲ್ಲುಗಾವಲಿನ ವಿಷಯ ಬೇರೆ. ಅದನ್ನು ಬೀಳು ಭೂಮಿ ಅಂದುಕೊಂಡು ಜೀಪು, ಮೋಟಾರ್ ಬೈಕು ಓಡಿಸಿದವರು ತುಂಬಾ ಜನ. ಆದರೆ ಬೆಂಗಳೂರಿನ ಸುತ್ತ ಇಂಥ ತೆರೆದ ಹುಲ್ಲುಗಾವಲು ಉಳಿದಿರುವುದೇ ಅಪರೂಪ. ನೆಲಗುಬ್ಬಿಯಂಥ ಹಕ್ಕಿಗಳು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತವೆ. 40 ಮಿಲಿಮೀಟರ್ ಟೈರ್ ಕೂಡ ಒಂದು ಗೂಡು ಮುಗಿಸಲು ಸಾಕು. 2024ರಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಸಂರಕ್ಷಿತ ಪ್ರದೇಶ ಮಾಡಲು ಒಪ್ಪಿದೆ. ನನಗೆ ಅದು ನಿಜಕ್ಕೂ ಖುಷಿ ತಂದ ಸುದ್ದಿ. ಹಾಗಾಗಿ ಹೆಸರಘಟ್ಟಕ್ಕೆ ಹೋಗುವವರು ಸುತ್ತಲಿನ ಹಳ್ಳಿ ರಸ್ತೆಗಳಲ್ಲೇ ಇರಿ. ಹುಲ್ಲಿನ ಮೇಲೆ ಚಕ್ರ ಇಡಬೇಡಿ.

ಇಲ್ಲೊಂದು ಸ್ವಾರಸ್ಯ ಇದೆ. ನಂದಿಯಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ ಕೆರೆಗೆ ಬಂದು, ಅಲ್ಲಿಂದ ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಟ್ಟ ನದಿ ಇದು. ಬೆಂಗಳೂರಿನ ಉತ್ತರ, ಪಶ್ಚಿಮದ ಒಳ್ಳೆಯ ಗ್ರಾವೆಲ್ ದಾರಿಗಳೆಲ್ಲ ಹೆಚ್ಚುಕಡಿಮೆ ಅದರ ಕಣಿವೆಯ ಆಸುಪಾಸಿನಲ್ಲೇ ಇವೆ. ಹೊಸ ದಾರಿ ಹುಡುಕುವವರು ಮ್ಯಾಪಿನಲ್ಲಿ ಈ ನದಿಯ ಗೆರೆ ಹಿಡಿದು ಹುಡುಕಿ ನೋಡಿ.

ಯಾವ ತಿಂಗಳು, ಯಾವ ಮಣ್ಣು

ಜೂನ್‌ನಿಂದ ಜನವರಿ ಕೊನೆಯ ತನಕ ಒಳ್ಳೆಯ ಕಾಲ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಸಾವನದುರ್ಗದ ಗರಸು ಗೆಲ್ಲುತ್ತದೆ. ಆವಲಹಳ್ಳಿಯ ಕೆಂಪು ಮಣ್ಣು ನೆನೆದರೆ ಟೈರಿಗೆ ಮೆತ್ತಿಕೊಳ್ಳುತ್ತದೆ. ಒದ್ದೆ ಟ್ರೇಲಿನಲ್ಲಿ ಚಕ್ರ ಉರುಳಿದರೆ ಅಲ್ಲೇ ಕಾಲುವೆ ಬಿದ್ದು ಎಲ್ಲರಿಗೂ ದಾರಿ ಹಾಳಾಗುತ್ತದೆ. ಹಾಗಾಗಿ ಜೋರು ಮಳೆಯಾದ ಮಾರನೇ ದಿನ ಅಲ್ಲಿಗೆ ಹೋಗದಿರುವುದು ಒಳ್ಳೆಯದು. ಕೆರೆ ಅಂಗಳದ ಜೇಡಿಯಂತೂ ಚಕ್ರ ತಿರುಗದ ಹಾಗೆ ಮಾಡಿಬಿಡುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಕಾಡ್ಗಿಚ್ಚಿನ ಕಾಲ. ಅರಣ್ಯ ಇಲಾಖೆ ಪ್ರವೇಶ ನಿಲ್ಲಿಸುವುದುಂಟು. ಆಗ ನಂದಿ ತಪ್ಪಲಿನ ಬೆಳಗಿನ ಸವಾರಿ ಸಾಕು.

ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹತ್ತಿರ, ಜೂನ್‌ನಲ್ಲಿ ಆರಕ್ಕೂ ಮೊದಲೇ. ಕಾಡಂಚಿನ ದಾರಿಗೆ ಪೂರ್ತಿ ಬೆಳಕಾದ ಮೇಲೆಯೇ ಇಳಿಯಿರಿ. ಕತ್ತಲು ಬೆಳಕಿನ ಹೊತ್ತು ಪ್ರಾಣಿಗಳದ್ದು.

ಸೈಕಲ್, ಟೈರ್, ಮುಳ್ಳು

ಹೊಸ ಗ್ರಾವೆಲ್ ಬೈಕೇ ಬೇಕು ಅಂತೇನಿಲ್ಲ. ಫ್ರೇಮಿನಲ್ಲಿ 40 ಮಿಲಿಮೀಟರ್ ಟೈರ್ ಹಿಡಿಯುವ ಹೈಬ್ರಿಡ್ ಸೈಕಲ್ ಇದ್ದರೆ ಮೇಲೆ ಹೇಳಿದ ಎಲ್ಲ ಕಾಡಂಚಿನ ದಾರಿಗೂ ಅದು ಸಾಕು. ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ಮೌಂಟನ್ ಬೈಕ್ ಇರುವವರು ಆವಲಹಳ್ಳಿಯಿಂದ ಶುರು ಮಾಡಿ. ಗ್ರಾವೆಲ್ ಬೈಕೇ ಕೊಳ್ಳುವವರು ಗೇರ್ ಗಮನಿಸಿ. ಮುಂದೆ 40, ಹಿಂದೆ 42 ಹಲ್ಲಿನ ಚಕ್ರ ಇದ್ದರೆ ಗರಸಿನ ಏರು ಕುಳಿತೇ ಹತ್ತಬಹುದು. ಸಡಿಲ ಗರಸಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ.

ದುಡ್ಡು ಉಳಿದರೆ ಮೊದಲು ಟ್ಯೂಬ್‌ಲೆಸ್ ಮಾಡಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ನಮ್ಮ ಕಡೆಯ ದಾರಿಗಳಲ್ಲಿ ಜಾಲಿ ಮುಳ್ಳು, ಕಾರೆ ಮುಳ್ಳು, ಎಲ್ಲಕ್ಕಿಂತ ಕೆಟ್ಟದ್ದು ನೆಗ್ಗಿಲ ಮುಳ್ಳು. ಅದು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟ್ಯೂಬ್ ಇದ್ದರೆ ಒಂದೇ ಸವಾರಿಯಲ್ಲಿ ಎರಡೂ ಚಕ್ರ ಹೋಗಬಹುದು. ಟ್ಯೂಬ್‌ಲೆಸ್ ಟೈರಿನಲ್ಲಿ ಒಳಗೆ ಹಾಕಿದ ಸೀಲೆಂಟ್ ಅನ್ನುವ ಅಂಟುದ್ರವ ಆ ತೂತನ್ನು ತಾನೇ ಮುಚ್ಚುತ್ತದೆ. ನಮ್ಮ ಸೆಕೆಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. 70 ಕಿಲೋ ತೂಗುವವರಿಗೆ 40 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರಿನಲ್ಲಿ 32ರಿಂದ 38 ಪಿಎಸ್‌ಐ ಗಾಳಿ ಹದ. ಹಿಂದೆ ಸ್ವಲ್ಪ ಜಾಸ್ತಿ, ಮುಂದೆ ಸ್ವಲ್ಪ ಕಡಿಮೆ. ಆದರೂ ಒಂದು ಟ್ಯೂಬ್, ಪಂಪ್, ಚೈನ್ ಲಿಂಕ್, ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಜೊತೆಗಿರಲಿ. ಮಾಗಡಿ ಆಚೆ ಗ್ರಾವೆಲ್ ಬೈಕಿನ ಬಿಡಿಭಾಗ ಸಿಗುವುದಿಲ್ಲ.

ಅಲ್ಲಿಗೆ ತಲುಪುವುದು

ಇದು ನಿಜವಾದ ತೊಡಕು. ಟ್ರಾಫಿಕ್ ಇಲ್ಲದ ದಾರಿಗೆ ಹೋಗಲು ಟ್ರಾಫಿಕ್ ದಾಟಲೇಬೇಕು, ಅಲ್ವಾ? ಮೆಟ್ರೋದಲ್ಲಿ ಮಡಚುವ ಸೈಕಲ್‌ಗೆ ಮಾತ್ರ ಅವಕಾಶ. ಕಾರಿನ ಹಿಂದೆ ರ‍್ಯಾಕ್ ಹಾಕಿಕೊಳ್ಳುವುದು ಒಂದು ದಾರಿ. ಇಲ್ಲದಿದ್ದರೆ ನಸುಕಿನ ಐದಕ್ಕೆ ಹಿಂದೆ ಮುಂದೆ ದೀಪ ಹಾಕಿಕೊಂಡು, ಇಬ್ಬರು ಮೂವರು ಜೊತೆಯಾಗಿ ಹೊರಡಿ. ನಗರ ದಾಟುವಷ್ಟರಲ್ಲಿ ಬೆಳಕಾಗುತ್ತದೆ. ವಾಪಸ್ ಬರುವಾಗ ಹತ್ತು ಗಂಟೆಯ ಮೇಲೆ ಮೈಸೂರು ರಸ್ತೆ, ಮಾಗಡಿ ರಸ್ತೆ ಎರಡೂ ತುಂಬಿರುತ್ತವೆ. ಅದಕ್ಕೇ ಕಾರು ಇಲ್ಲದವರಿಗೆ ಅವರ ಮನೆ ಇರುವ ದಿಕ್ಕೇ ದೊಡ್ಡ ಕಾರಣ ಆಗಬೇಕು. ಹೆಬ್ಬಾಳದವರು ಸಾವನದುರ್ಗಕ್ಕೆ ಒದ್ದಾಡುವ ಬದಲು ಆವಲಹಳ್ಳಿ, ನಂದಿ ತಪ್ಪಲು ನೋಡಲಿ. ಕೆಂಗೇರಿ, ವಿಜಯನಗರದವರಿಗೆ ಮಂಚನಬೆಲೆ ಸಹಜ. ತುಮಕೂರು ರಸ್ತೆಯ ಕಡೆಯವರಿಗೆ ದೇವರಾಯನದುರ್ಗ. ವೈಟ್‌ಫೀಲ್ಡ್ ಕಡೆಯವರು ಕಾರಿನಲ್ಲೇ ಹೋಗುವುದು ಒಳ್ಳೆಯದು.

ಹೊಲದ ಬದಿಯ ದಾರಿ ರೈತರ ದಾರಿ. ದನ, ಕುರಿ ಎದುರಾದರೆ ನಿಲ್ಲಿಸಿ, ಅವು ದಾಟಲಿ. ಗೇಟು ತೆಗೆದರೆ ಮುಚ್ಚಿ ಹೋಗಿ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲನ್ನು ನಡುವೆ ಹಿಡಿದು ನಡೆಯಿರಿ, ಹೆಚ್ಚಿನವು ಸುಮ್ಮನಾಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಗಾಡಿ ಹಾಯ್ದು ಕಾಳು ಉದುರಲಿ ಅಂತ. ಕಾರಿಗೆ ಅದು ಸರಿ. ಸೈಕಲಿಗೆ ಮಾತ್ರ ಹುರುಳಿ ಬಳ್ಳಿ ಡಿರೇಲರಿಗೆ ಸುತ್ತಿಕೊಂಡು ಹ್ಯಾಂಗರನ್ನೇ ಮುರಿದುಹಾಕುತ್ತದೆ. ಅಂಥ ಕಡೆ ಇಳಿದು, ಸೈಕಲ್ ಎತ್ತಿಕೊಂಡು ಅಂಚಿನಲ್ಲಿ ದಾಟಿ.